ಜರಡಿಯಕ್ಕನ ಕೆಂಪು ಪುಡಿ

ಅವಳು ಸೋಸದೆ ಬಿಟ್ಟ ವಸ್ತು ಈ ಲೋಕದಲ್ಲಿ ಇರಲಿಲ್ಲ. ಹಿಟ್ಟನ್ನು ಎಲ್ಲರೂ ಜರಡಿ ಹಿಡಿಯುತ್ತಾರೆ, ಸರಿ. ಇವಳು ಉಪ್ಪನ್ನೂ ಹಿಡಿಯುತ್ತಿದ್ದಳು, ಸಕ್ಕರೆಯನ್ನೂ ಹಿಡಿಯುತ್ತಿದ್ದಳು. ಕುಡಿಯುವ ನೀರಿಗೆ ಎರಡು ಮಡಿಕೆ ಬಟ್ಟೆ ಕಟ್ಟುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಅತ್ತೆ, ಸೊಸೆ ಏನು ಮಾಡಿದರೂ ಮೂಗು ಮುರಿಯುತ್ತಿದ್ದ ಆ ಅತ್ತೆ, "ಇವಳ ಅನ್ನದಲ್ಲಿ ಒಂದು ಕಲ್ಲು ಸಿಕ್ಕಿದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ" ಎಂದು ನೆಂಟರ ಮುಂದೆ ಹೇಳಿಬಿಟ್ಟಿದ್ದಳು. ಮೆಚ್ಚುಗೆ ಎಂದು ಅವಳ ಪಾಲಿಗೆ ಬಂದದ್ದು ಅದೊಂದೇ ಮಾತು. ಅದನ್ನು ಅವಳು ಮುದುಕಿಯಾಗುವವರೆಗೂ ಮಡಿಸಿ ಇಟ್ಟುಕೊಂಡಿದ್ದಳು. ಓಣಿಯವರು ಅವಳನ್ನು ಜರಡಿಯಕ್ಕ ಎನ್ನುತ್ತಿದ್ದರು. ಮೊದಮೊದಲು ಗೇಲಿಗೆ, ಆಮೇಲೆ ಗೌರವಕ್ಕೆ, ಕೊನೆಗೆ ಬರೀ ಅಭ್ಯಾಸಕ್ಕೆ.

ಗಂಡ ಹೋದ ಮೇಲೆ ಅವಳು ಪುಡಿ ಶೆಡ್ಡಿಗೆ ಸೇರಿದಳು. ಆ ಶೆಡ್ಡಿನ ಕಥೆಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹೋಗುವುದಿಲ್ಲ.

ಊರ ಹಿಂದಿನ ಗುಡ್ಡದ ಮೇಲೆ ಒಂದು ಕಂಪನಿಯವರು ಭೂಮಿಗೆ ತೂತು ಕೊರೆಯುತ್ತಿದ್ದರು. ನೀರಿಗಲ್ಲ, ಎಣ್ಣೆಗೆ. ಕೊರೆಯುವಾಗ ಕೊಳವೆಯೊಳಕ್ಕೆ ಒಂದು ಬಗೆಯ ಕೆಸರನ್ನು ಒತ್ತಿ ಕಳಿಸುತ್ತಾರೆ. ಅದು ತಳಕ್ಕೆ ಹೋಗಿ, ಕೊರೆದ ಕಲ್ಲಿನ ಪುಡಿಯನ್ನು ಹೊತ್ತುಕೊಂಡು ಮೇಲೆ ಬರಬೇಕು. ಬಂದರೆ ಎಲ್ಲರೂ ಬೀಡಿ ಹಚ್ಚಿ ಆರಾಮಾಗಿ ಕೂರಬಹುದು. ಆದರೆ ಕೆಳಗೆಲ್ಲೋ ಬಂಡೆ ಬಿರುಕು ಬಿಟ್ಟಿದ್ದರೆ ಕೆಸರು ಹೋದದ್ದು ಹೋದಂತೆಯೇ. ಸಂದಿಯಲ್ಲಿ ನುಗ್ಗಿ ಎಲ್ಲಿಗೋ ಹರಿದುಬಿಡುತ್ತದೆ, ಮೇಲಿನ ತೊಟ್ಟಿ ನೋಡನೋಡುತ್ತಿದ್ದ ಹಾಗೆ ಬರಿದಾಗುತ್ತದೆ, ಅಲ್ಲಿದ್ದವರೆಲ್ಲ ಒಬ್ಬರನ್ನೊಬ್ಬರು ಬೈಯಲು ಶುರು ಮಾಡುತ್ತಾರೆ. ಆಗ ಆ ಬಿರುಕಿಗೆ ಕಸ ತುರುಕಬೇಕು. ಸುಮ್ಮನೆ ಹೇಳುತ್ತಿಲ್ಲ, ಕಸವೇ. ಸವೆದ ಟೈರು, ಹರಿದ ಚಪ್ಪಲಿ, ಕಾಯಿ ಚಿಪ್ಪು, ಹಳೆ ಹಾಸಿಗೆಯ ಹತ್ತಿ, ಒದ್ದೆಯಾಗಿ ಕೆಟ್ಟ ರಟ್ಟು. ಊರು ಬೇಡವೆಂದು ಎಸೆದದ್ದನ್ನೆಲ್ಲ ತಂದು, ಕತ್ತರಿಸಿ, ಅರೆದು, ಜರಡಿ ಹಿಡಿದು ಚೀಲ ತುಂಬಿಸುವುದೇ ಪುಡಿ ಶೆಡ್ಡಿನ ಕೆಲಸ. ಮೇಲೆ ಗುಡ್ಡದಲ್ಲಿ ಆ ಚೀಲಗಳನ್ನು ಕೆಸರಿಗೆ ಸುರಿಯುತ್ತಿದ್ದರು.

ಸುರಿಯುವ ಕೆಲಸ ನೋಡಿಕೊಳ್ಳುತ್ತಿದ್ದವನು ಕೆಸರು ಮೇಸ್ತ್ರಿ. ಸದಾ ಬೂದಿ ಬಣ್ಣದ ಕೆಸರು ಮೆತ್ತಿದ ಬೂಟು, ಮೂಗಿನ ತುದಿಯಲ್ಲೇ ಕೋಪ. ಶೆಡ್ಡಿನ ಹೆಂಗಸರಿಗೆಲ್ಲ ಅವನು ಆರಂಭದಲ್ಲೇ ಪಾಠ ಮಾಡಿದ್ದ. "ನೋಡಿ, ಚೀಲದಲ್ಲಿ ಮೂರೂ ಇರ್ಬೇಕು. ದೊಡ್ಡ ಚೂರು ಮೊದಲು ಹೋಗಿ ಬಿರುಕಿನ ಬಾಯಲ್ಲಿ ಅಡ್ಡ ಕೂತ್ಕೊಳ್ಳುತ್ತೆ. ಮಧ್ಯದ್ದು ಅದರ ಸಂದಿ ಸೇರ್ಕೊಳ್ಳುತ್ತೆ. ಸಣ್ಣದು ಕೊನೆಗೆ ಬಂದು ಮೆತ್ತಿಕೊಳ್ಳುತ್ತೆ. ದೊಡ್ಡದಿಲ್ಲದೆ ಬರೀ ಸಣ್ಣದು ಹಾಕಿದ್ರೆ ಅದೂ ಕೆಸರಿನ ಜೊತೆ ದೇಶಾಂತರ ಹೊರಡುತ್ತೆ." ಎಲ್ಲರೂ ತಲೆಯಾಡಿಸಿದರು. ಜರಡಿಯಕ್ಕನೂ ಆಡಿಸಿದಳು. ಅರ್ಥವಾಗದೆ ಆಡಿಸಿದ್ದಲ್ಲ, ಚೆನ್ನಾಗಿ ಅರ್ಥವಾಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಯಾರ ಚೀಲ ಯಾವುದೆಂದು ತಿಳಿಯಲಿ ಎಂದು ಮ್ಯಾನೇಜರು ಒಂದು ಉಪಾಯ ಮಾಡಿದ್ದ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಬಣ್ಣದ ಚಪ್ಪಲಿ ರಾಶಿ. ಟೈರಿನ ಕರಿ ಪುಡಿಯ ನಡುವೆ ಆ ಬಣ್ಣದ ಚೂರು ಕಾಣುತ್ತಿತ್ತು. ಕಾಯಿ ಚಿಪ್ಪು ಒಡೆಯುತ್ತಿದ್ದ ಚಿಪ್ಪಿನ ಚಿಕ್ಕಮ್ಮನಿಗೆ ನೀಲಿ, ಮೂಲೆಯ ಮೂಗಿ ಹೆಂಗಸಿಗೆ ಹಸಿರು, ಜರಡಿಯಕ್ಕನಿಗೆ ಕೆಂಪು. ಅವಳು ಕೆಂಪನ್ನು ಕೇಳಿ ಪಡೆದಿದ್ದಳು. ತನ್ನ ಪುಡಿ ತನ್ನದೆಂದು ದೂರದಿಂದಲೇ ಗೊತ್ತಾಗಲಿ ಎಂಬ ಆಸೆ. ಕಸವನ್ನು ಅರೆಯುವ ಕೆಲಸದಲ್ಲೂ ಹೆಮ್ಮೆಪಡುವ ಜನ ಇರುತ್ತಾರೆ, ಏನು ಮಾಡುವುದು.

ಇನ್ನು ಅವಳ ಮನೆ. ಮನೆ ಎಂದರೆ ಅರ್ಧ ಮನೆ. ಅವಳ ಗಂಡ ಬದುಕಿದ್ದಾಗಲೇ ಅವನಿಗೂ ತಮ್ಮನಿಗೂ ದೊಡ್ಡ ಜಗಳವಾಗಿ ನಟ್ಟನಡುವೆ ಗೋಡೆ ಎದ್ದಿತ್ತು. ಅಡುಗೆಮನೆ ಇಬ್ಭಾಗ, ಅಂಗಳ ಇಬ್ಭಾಗ. ಹಿತ್ತಲ ಬಾವಿಯನ್ನು ಮಾತ್ರ ಸೀಳಲು ಆಗಲಿಲ್ಲ. ಗೋಡೆ ಈ ಕಡೆಯಿಂದ ಬಂದು ಬಾವಿಕಟ್ಟೆಗೆ ಮುಟ್ಟಿ ನಿಂತು, ಆ ಕಡೆಯಿಂದ ಮತ್ತೆ ಮುಂದುವರಿಯುತ್ತಿತ್ತು. ಎರಡು ಪಾಲಿಗೂ ಒಂದೊಂದು ರಾಟೆ, ಒಂದೊಂದು ಹಗ್ಗ. ಗೋಡೆ ಎದ್ದ ದಿನವೇ ಜರಡಿಯಕ್ಕನಿಗೂ ಅವಳ ಓರಗಿತ್ತಿಗೂ, ಅಂದರೆ ಮೈದುನನ ಹೆಂಡತಿಗೂ, ಮಾತು ನಿಂತಿತು. ಗಂಡಂದಿರ ಜಗಳಕ್ಕೆ ಹೆಂಗಸರು ಬಾಯಿಗೆ ಬೀಗ ಹಾಕಿಕೊಂಡರು. ಆಮೇಲೆ ಜರಡಿಯಕ್ಕನ ಗಂಡ ಸತ್ತ, ಜಗಳವೂ ಅವನ ಜೊತೆಗೇ ಹೋಯಿತು, ಬೀಗ ಮಾತ್ರ ಹಾಗೇ ಉಳಿಯಿತು.

ಓರಗಿತ್ತಿ ಲಾಡ್ಜುಗಳ ಬಿಳಿ ಚಾದರ ಒಗೆದು ಮನೆ ನಡೆಸುತ್ತಿದ್ದಳು. ಮೈದುನ ಏನು ಮಾಡುತ್ತಿದ್ದ ಎಂದು ಕೇಳಬೇಡಿ. ಜಗುಲಿಯ ಮೇಲೆ ಕೂತು ಊರಿನ ವ್ಯವಹಾರವನ್ನೆಲ್ಲ ತೀರ್ಮಾನ ಮಾಡುತ್ತಿದ್ದ. ಸುಳ್ಳು ಹೇಳುವುದರಲ್ಲಿ ಅವನದು ಎತ್ತಿದ ಕೈ. ಅವನು ಬಿಸಿಲಿದೆ ಎಂದರೆ ಓಣಿಯವರು ಆಚೆ ಬಂದು ನೋಡಿ ಬಟ್ಟೆ ಒಣಹಾಕುತ್ತಿದ್ದರು.

ಶೆಡ್ಡಿಗೆ ಸೇರಿದ ಹೊಸದರಲ್ಲಿ ಒಂದು ಸಂಜೆ ಜರಡಿಯಕ್ಕ ಮನೆಗೆ ಬಂದಾಗ ರಬ್ಬರ್ ಧೂಳಿನಿಂದ ಕೆಮ್ಮಿ ಕೆಮ್ಮಿ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು, ಹಗ್ಗ ಎಳೆಯುವ ಶಕ್ತಿ ಇರಲಿಲ್ಲ. ಮರುದಿನ ಬಂದು ನೋಡುತ್ತಾಳೆ, ಕಟ್ಟೆಯ ಮೇಲೆ ಅವಳ ಕಡೆಗೆ ಸರಿಸಿ ಇಟ್ಟ ಒಂದು ಬಕೆಟ್ಟು. ತುಂಬ ನೀರು, ಮೇಲೆ ತಟ್ಟೆ ಮುಚ್ಚಿತ್ತು. ಆ ಕಡೆ ಯಾರೂ ಇರಲಿಲ್ಲ. ಅವಳು ನೀರು ತೆಗೆದುಕೊಂಡು ಬಕೆಟ್ಟು ತೊಳೆದು ಬೋರಲು ಹಾಕಿದಳು. ಅದರ ಮರುದಿನ ಮತ್ತೆ ತುಂಬಿತ್ತು. ಅಂದಿನಿಂದ ಒಂದು ಸಂಜೆಯೂ ತಪ್ಪಿರಲಿಲ್ಲ. ಓರಗಿತ್ತಿಗೆ ಜ್ವರ ಬಂದಾಗಲೂ ತಪ್ಪಿರಲಿಲ್ಲ. ಮಾತಿಲ್ಲ, ಮುಖ ನೋಡುವುದಿಲ್ಲ, ಬಕೆಟ್ಟು ಮಾತ್ರ ಇರುತ್ತಿತ್ತು. ಮಕ್ಕಳಿಲ್ಲದ, ಗಂಡನಿಲ್ಲದ ಆ ಹೆಂಗಸಿಗೆ, ನಿನಗೆ ಬಾಯಾರಿಕೆಯಾಗುತ್ತದೆ ಎಂದು ನೆನಪಿಟ್ಟುಕೊಳ್ಳುವ ಜೀವ ಇದ್ದದ್ದು ಅದೊಂದೇ. ಸಂಜೆಯ ಆ ಬಕೆಟ್ಟಿಗಾಗಿಯೇ ಅವಳು ಇಡೀ ದಿನ ಧೂಳು ಕುಡಿಯುತ್ತಿದ್ದಳು ಎಂದರೂ ನಡೆದೀತು.

ಹೀಗಿರುವಾಗ ಒಂದು ಬೆಳಿಗ್ಗೆ ಕೆಸರು ಮೇಸ್ತ್ರಿ ಶೆಡ್ಡಿಗೆ ನುಗ್ಗಿದ. ಅವನ ಕೈಯಲ್ಲಿ ಹೆಬ್ಬೆರಳು ಗಾತ್ರದ ಒಂದು ಚಪ್ಪಲಿ ಪಟ್ಟಿಯ ತುಂಡಿತ್ತು, ಅದಕ್ಕೆ ಕಬ್ಬಿಣದ ಬಕಲ್ಲು ಬೇರೆ. ಪಂಪಿನ ಬಾಯಿಗೆ ಸಿಕ್ಕಿಕೊಂಡು ಅರ್ಧ ದಿನ ಕೆಲಸ ನಿಲ್ಲಿಸಿತ್ತಂತೆ. ಅವನು ಅದನ್ನು ಮ್ಯಾನೇಜರನ ಮೇಜಿನ ಮೇಲೆ ಕುಕ್ಕಿದ. ತುಂಡು ಕೆಂಪಗಿತ್ತು.

ಮ್ಯಾನೇಜರು ಮಾಲೀಕನ ಅಳಿಯ. ಮಾವನ ಮುಂದೆ ಬಾಯಿ ಬಿಡಲಾಗದ ಸಿಟ್ಟನ್ನೆಲ್ಲ ಶೆಡ್ಡಿನಲ್ಲಿ ತೀರಿಸಿಕೊಳ್ಳುತ್ತಿದ್ದ ಆಸಾಮಿ. ಅವನು ಆ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಎಲ್ಲ ಹೆಂಗಸರನ್ನೂ ನಿಲ್ಲಿಸಿ ಕೇಳಿದ. "ಇದು ಯಾರ ಬಣ್ಣ ಹೇಳಿ ನೋಡೋಣ."

ಎಲ್ಲರ ಕಣ್ಣೂ ಕೆಂಪು ರಾಶಿಯ ಕಡೆ ಹೋಯಿತು. ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ.

"ಜರಡಿಯಕ್ಕ ಅಂತೆ, ಜರಡಿಯಕ್ಕ. ನಿಮ್ಮ ಜರಡೀಲಿ ಎಮ್ಮೆ ತೂರುತ್ತಲ್ರೀ. ಇನ್ಮೇಲೆ ನಿಮ್ಮ ಚೀಲದಲ್ಲಿ ದೊಡ್ಡ ಚೂರು ಒಂದು ಕಂಡ್ರೂ ಗೇಟಿನಿಂದ ಆಚೆ."

ಒಬ್ಬಿಬ್ಬರು ನಕ್ಕರು. ಚಿಪ್ಪಿನ ಚಿಕ್ಕಮ್ಮ ನಗಲಿಲ್ಲ. ಅನ್ನದಲ್ಲಿ ಒಂದು ಕಲ್ಲು ಸಿಗದ ಹಾಗೆ ಬದುಕಿದವಳ ಚೀಲದಲ್ಲಿ ಬಕಲ್ಲು ಸಿಕ್ಕಿತ್ತು. ಅದು ಹೇಗೆ ತಪ್ಪಿಸಿಕೊಂಡಿತೋ ಅವಳಿಗೆ ಇಂದಿಗೂ ಗೊತ್ತಿಲ್ಲ. ಬೈಸಿಕೊಂಡದ್ದಕ್ಕಿಂತ ಹೆಚ್ಚಾಗಿ, ಹೆಸರು ಹಿಡಿದು ಬೈದದ್ದು ಅವಳ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು.

ಆ ದಿನವೇ ಅವಳು ದೊಡ್ಡ ಚೂರಿನ ಜರಡಿಯನ್ನು ಗೋಡೆಗೆ ಆನಿಸಿ ಇಟ್ಟುಬಿಟ್ಟಳು. ಮಧ್ಯದ್ದನ್ನೂ ಮತ್ತೆ ಯಂತ್ರಕ್ಕೆ ಹಾಕಿ ಅರೆದಳು. ಅರೆದದ್ದನ್ನು ಸಣ್ಣ ಜರಡಿಯಲ್ಲಿ ಹಿಡಿದಳು, ಹಿಡಿದದ್ದನ್ನು ಇನ್ನೊಮ್ಮೆ ಹಿಡಿದಳು. ಅವಳ ಚೀಲ ಬಿಚ್ಚಿದರೆ ಕೈಗೆ ನುಣ್ಣನೆ ಹಿಟ್ಟು ಹತ್ತುತ್ತಿತ್ತು, ಕರಿ ಹಿಟ್ಟಿನಲ್ಲಿ ಕೆಂಪು ಹಿಟ್ಟು.

ಚಿಪ್ಪಿನ ಚಿಕ್ಕಮ್ಮ ನೋಡಿ ನೋಡಿ ಸಾಕಾಗಿ ಹತ್ತಿರ ಬಂದಳು. "ಏನೇ ಇದು? ದೊಡ್ಡದೂ ಬೇಕು ಅಂತ ಮೇಸ್ತ್ರಿ ಅಷ್ಟು ಬಡ್ಕೊಂಡಿದ್ನಲ್ಲ. ಇದು ನಿಲ್ಲಲ್ಲ ಕಣೆ."

"ನಿಲ್ಲಲ್ಲ ಅಂತ ನಂಗೂ ಗೊತ್ತು."

"ಗೊತ್ತಿದ್ದೂ?"

"ಒಂದು ಚೂರು ಕಂಡ್ರೂ ಆಚೆ ಅಂದ್ರಲ್ಲ. ಕಾಣಲ್ಲ ಬಿಡು. ಇನ್ನು ಭೂತಗನ್ನಡಿ ಹಿಡ್ಕೊಂಡು ಹುಡುಕ್ಲಿ."

ಚಿಪ್ಪಿನ ಚಿಕ್ಕಮ್ಮ ತನ್ನ ಪಾಡಿಗೆ ತಾನು ಹೋದಳು. ಬೇರೆಯವರ ಹಟಕ್ಕೆ ಯಾರು ತಾನೇ ಅಡ್ಡ ಬರುತ್ತಾರೆ? ಅವಳವಳ ರಾಶಿ ಅವಳವಳಿಗೆ.

ಸ್ವಲ್ಪ ದಿನಕ್ಕೇ ಗುಡ್ಡದ ಮೇಲೆ ಗಲಾಟೆಯಾಯಿತು. ಕೊರೆಯುವ ಉಳಿ ಬಿರುಕೊಂದಕ್ಕೆ ಬಿದ್ದು ತೊಟ್ಟಿಯ ಕೆಸರು ಇಳಿಯತೊಡಗಿತು. ದಾಸ್ತಾನಿನಲ್ಲಿ ಮುಂದಿದ್ದದ್ದು ಕೆಂಪು ಚೀಲಗಳು. ಒಂದಾದ ಮೇಲೊಂದು ಸುರಿದರು. ನುಂಗಿತು. ಇನ್ನಷ್ಟು ಸುರಿದರು, ಅದನ್ನೂ ನುಂಗಿತು. ಕೆಂಪು ಚೀಲವೆಲ್ಲ ಮುಗಿದ ಮೇಲೆ, ಹಿಂದಿದ್ದ ಚಿಪ್ಪಿನ ಚಿಕ್ಕಮ್ಮನ ಒರಟು ಚೀಲಗಳನ್ನು ಎಳೆದು ತಂದು ಸುರಿದಾಗ ಕೆಸರು ನಿಂತಿತು.

ಕೆಸರು ಮೇಸ್ತ್ರಿ ಶೆಡ್ಡಿಗೆ ಬಂದು ಜರಡಿಯಕ್ಕನ ಮುಂದೆ ಮುಷ್ಟಿ ಬಿಚ್ಚಿದ. "ಏನಮ್ಮ ಇದು? ಬಿರುಕು ಮುಚ್ಚು ಅಂದ್ರೆ ಮುಖಕ್ಕೆ ಹಚ್ಚೋ ಪೌಡರು ಕಳ್ಸಿದ್ದೀಯ."

"ನನ್ನ ಕೇಳ್ಬೇಡಿ. ದೊಡ್ಡದು ಬೇಡ ಅಂದವರನ್ನ ಕೇಳಿ."

ಮೇಸ್ತ್ರಿ ಮ್ಯಾನೇಜರನ ಕೋಣೆಗೆ ನುಗ್ಗಿದ. ಒಳಗಿನಿಂದ ಇಬ್ಬರ ಕೂಗಾಟ ಕೇಳುತ್ತಿತ್ತು, ಹೆಚ್ಚಾಗಿ ಮೇಸ್ತ್ರಿಯದೇ. ಜರಡಿಯಕ್ಕ ಜರಡಿ ಆಡಿಸುವುದನ್ನು ನಿಲ್ಲಿಸಿ ಕಿವಿಗೊಟ್ಟು ಕೇಳಿದಳು. ಎಷ್ಟೋ ಕಾಲದ ಮೇಲೆ ಅವಳ ಹೊಟ್ಟೆ ತಣ್ಣಗಾಯಿತು. ಅಂದು ಸಂಜೆ ಬಾವಿಕಟ್ಟೆಯ ಬಕೆಟ್ಟನ್ನು ಎತ್ತುವಾಗ ಅವಳ ಮುಖದಲ್ಲಿ ನಗುವಿತ್ತು.

ಆ ಕೆಸರು ಎಲ್ಲಿಗೆ ಹೋಯಿತು ಎಂದು ಗುಡ್ಡದ ಮೇಲೆ ಯಾರೂ ಕೇಳಲಿಲ್ಲ. ಜರಡಿಯಕ್ಕನೂ ಕೇಳಲಿಲ್ಲ. ಎಲ್ಲಿಗೋ ಎಂದರೆ ಎಲ್ಲಿಗೋ, ಅದಕ್ಕೊಂದು ವಿಳಾಸ ಇರುತ್ತದೆ ಎಂದು ಯಾರಿಗೆ ಹೊಳೆಯುತ್ತದೆ?

ಮೊದಲು ಬಾವಿಯ ನೀರಿನ ರುಚಿ ಕೆಟ್ಟಿತು. ಆಮೇಲೆ ಬಣ್ಣ ಮಂಕಾಯಿತು. ಜರಡಿಯಕ್ಕ ಬಟ್ಟೆಯನ್ನು ಮೂರು ಮಡಿಕೆ ಮಾಡಿ ಸೋಸಿದಳು. ಒಂದು ಸಂಜೆ ಸೋಸಿದ ಬಟ್ಟೆಯನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಾಗ, ಬೂದಿ ಬಣ್ಣದ ಲೋಳೆಯಲ್ಲಿ ಕೆಂಪು ಕಾಳುಗಳಿದ್ದವು. ಒಂದನ್ನು ಉಗುರಿನ ನಡುವೆ ಒತ್ತಿದಳು. ಅದು ಚಪ್ಪಟೆಯಾಗಿ, ಬಿಟ್ಟ ತಕ್ಷಣ ಮತ್ತೆ ಗುಂಡಗಾಯಿತು. ತನ್ನ ಕೈಯ ಕೆಲಸವನ್ನು ಗುರುತಿಸದಷ್ಟು ಪೆದ್ದಿಯಲ್ಲ ಅವಳು. ಗಾತ್ರ ನೋಡಿದರೆ ಸಾಕು, ಎರಡು ಸಲ ಜರಡಿ ಹಿಡಿದದ್ದೆಂದು ಗೊತ್ತಾಗುತ್ತಿತ್ತು.

ಮರುದಿನ ಭಾನುವಾರ. ಅವಳು ಹಿತ್ತಲಿಗೆ ಬಂದಾಗ ಗೋಡೆಯ ಆಚೆ ಹಗ್ಗದ ಮೇಲೆ ಲಾಡ್ಜಿನ ಚಾದರಗಳು ಒಣಗುತ್ತಿದ್ದವು. ಬಿಳಿಯ ತುಂಬ ಕೆಂಪು ಚುಕ್ಕೆ. ಓರಗಿತ್ತಿ ಒಂದು ಚಾದರದ ಅಂಚು ಹಿಡಿದು ಉಗುರಿನಿಂದ ಕೆರೆಯುತ್ತಿದ್ದಳು. ಜರಡಿಯಕ್ಕನನ್ನು ಕಂಡು ಅವಳು ಬಾವಿಕಟ್ಟೆಗೆ ಬಂದಳು. ಗೋಡೆ ಎದ್ದ ಮೇಲೆ ಮೊದಲ ಸಲ ಬಾಯಿ ಬಿಟ್ಟಳು.

"ಅಕ್ಕಾ, ಇದೇನಿದು ನೀರಲ್ಲಿ?"

ಅಕ್ಕಾ ಎಂದಿದ್ದಳು. ಇಷ್ಟು ವರ್ಷ ಆ ಒಂದು ಮಾತಿಗಾಗಿ ಜರಡಿಯಕ್ಕ ಎಷ್ಟು ಹಂಬಲಿಸಿದ್ದಳೆಂದು ಅವಳಿಗೂ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ. ಉತ್ತರವಾಗಿ ನಿಜ ಹೇಳಬೇಕೆಂದರೆ, ಇದು ನಾನು ಹಟಕ್ಕೆ ಅರೆದ ಪುಡಿ, ನಿಲ್ಲುವುದಿಲ್ಲ ಎಂದು ತಿಳಿದೇ ಅರೆದೆ, ಎನ್ನಬೇಕಿತ್ತು. ನಾಲಿಗೆ ಹೊರಳಲಿಲ್ಲ. ಹೊರಳಿದ್ದು ಬೇರೆ ಕಡೆಗೆ.

"ತುಕ್ಕು ಕಣೆ. ರಾಟೆ ಹಳೇದಾಯ್ತಲ್ಲ, ಉದುರ್ತಿದೆ."

"ಹೌದಾ? ನಾನು ಏನೇನೋ ಅಂದ್ಕೊಂಡೆ" ಎಂದು ಓರಗಿತ್ತಿ ಉಸಿರು ಬಿಟ್ಟಳು. ಮಾರನೆಯ ದಿನವೇ ಎರಡೂ ಕಡೆಯ ರಾಟೆ ಬಿಚ್ಚಿಸಿ ಹೊಸದು ಹಾಕಿಸಿದಳು. ಜರಡಿಯಕ್ಕನ ಕಡೆಯದನ್ನೂ ಅವಳೇ ಹಾಕಿಸಿದಳು. ಹೊಸ ರಾಟೆಯಿಂದಲೂ ಕೆಂಪು ನೀರೇ ಬಂತು.

ಅಷ್ಟರಲ್ಲಿ ಓಣಿಯ ಉಳಿದ ಬಾವಿಗಳೂ ಕೆಟ್ಟವು. ಈಗ ಮೈದುನನಿಗೆ ಕೆಲಸ ಸಿಕ್ಕಿತು. ಜಗುಲಿಯಿಂದ ಎದ್ದು ಮನೆಮನೆ ಸುತ್ತಿ, "ಇದು ತುಕ್ಕಲ್ಲ, ರಬ್ಬರು. ಗುಡ್ಡದ ಮೇಲಿಂದ ಬಂದಿರೋದು. ನಮ್ಮತ್ತಿಗೆ ಶೆಡ್ಡಿನ ಮಾಲು. ಕಂಪನಿಯವರು ಪರಿಹಾರ ಕೊಡ್ಲೇಬೇಕು" ಎಂದು ಉಪ್ಪುಖಾರ ಹಚ್ಚಿ ಹೇಳಿದ. ಜೀವಮಾನದಲ್ಲಿ ಅವನು ನಿಜ ಹೇಳಿದ್ದು ಬಹುಶಃ ಅದೇ ಮೊದಲು. ಪಾಪ, ಅದನ್ನು ಹೇಳಿದ ಬಾಯಿ ಅವನದಾಗಿತ್ತು.

ಒಂದು ಮಧ್ಯಾಹ್ನ ಕಂಪನಿಯಿಂದ ಅಧಿಕಾರಿ ಬಂದ, ಜೊತೆಗೆ ಶೆಡ್ಡಿನ ಮ್ಯಾನೇಜರು. ಅಧಿಕಾರಿ ಮೆದು ಮಾತಿನವನು, ಬೂಟಿಗೆ ಕೆಸರು ತಾಗದ ಹಾಗೆ ನೋಡಿಕೊಂಡು ನಿಲ್ಲುತ್ತಿದ್ದ. ಓಣಿಯವರೆಲ್ಲ ಈ ಹಿತ್ತಲಲ್ಲೇ ಸೇರಿದರು. ಮೈದುನ ಬಾವಿಯಿಂದ ನೀರೆತ್ತಿ, ಅಂಗೈಯಲ್ಲಿ ಕೆಂಪು ಪುಡಿ ಕೂಡಿಸಿ, "ಸುಟ್ಟು ತೋರಿಸ್ತೀನಿ, ವಾಸನೆ ಬಂದಾಗ ನೀವೇ ಹೇಳಿ" ಎಂದು ಬೆಂಕಿಕಡ್ಡಿ ಗೀರಿದ. ಒದ್ದೆ ಪುಡಿ ಹತ್ತಲಿಲ್ಲ. ಇನ್ನೊಂದು ಗೀರಿದ, ಬೆರಳು ಸುಟ್ಟುಕೊಂಡು ಕೈ ಕೊಡವಿದ. ಪುಡಿಯೆಲ್ಲ ನೆಲಕ್ಕೆ ಬಿತ್ತು. ಜನ ನಕ್ಕರು. ಅಧಿಕಾರಿಯೂ ನಕ್ಕ.

"ಇವರ ಅತ್ತಿಗೆ ಯಾರು? ಶೆಡ್ಡಿನಲ್ಲಿ ಕೆಲಸ ಮಾಡೋರು?" ಎಂದು ಅಧಿಕಾರಿ ಕೇಳಿದ.

ಜನ ಸರಿದು ದಾರಿ ಬಿಟ್ಟರು. ಜರಡಿಯಕ್ಕ ಮುಂದೆ ಬಂದಳು. ಮ್ಯಾನೇಜರನ ಮುಖ ಬಿಳುಚಿಕೊಂಡಿತ್ತು. ಅವನು ಅವಳನ್ನು ನೋಡಿದ ರೀತಿಯಲ್ಲಿ ಬೆದರಿಕೆ ಇರಲಿಲ್ಲ, ಮೊರೆ ಇತ್ತು. ಅವನನ್ನು ಅಲ್ಲೇ ಮುಗಿಸಿಬಿಡಬಹುದಿತ್ತು. ಒಂದೇ ಮಾತು ಸಾಕಿತ್ತು. ಆದರೆ ಅವಳ ಪಕ್ಕದಲ್ಲಿ, ಗೋಡೆ ದಾಟಿ ಬಂದು, ಓರಗಿತ್ತಿ ನಿಂತಿದ್ದಳು.

"ಅಮ್ಮ, ನೀವು ದಿನಾ ಅದನ್ನ ಕೈಯಲ್ಲಿ ಮುಟ್ಟೋರು. ಇದು ನಿಮ್ಮ ಪುಡೀನಾ?"

"ಅಲ್ಲ" ಎಂದಳು ಜರಡಿಯಕ್ಕ. "ತುಕ್ಕು. ನೆಲದೊಳಗಿನ ಕಬ್ಬಿಣ ನೀರಿಗೆ ಇಳೀತಿದೆ."

"ಸುಳ್ಳು" ಎಂದು ಮೈದುನ ಕಿರುಚಿದ.

ಓರಗಿತ್ತಿ ಗಂಡನ ಕಡೆ ತಿರುಗಿದಳು. "ಬಾಯ್ಮುಚ್ಚಿ. ನೀರು ಸೋಸೋದ್ರಲ್ಲಿ ಅಕ್ಕನಿಗಿಂತ ತಿಳಿದೋರು ಯಾರಿದ್ದಾರೆ ಇಲ್ಲಿ? ಅವರ ಅನ್ನದಲ್ಲಿ ಇವತ್ತಿನವರೆಗೆ ಒಂದು ಕಲ್ಲು ಸಿಕ್ಕಿದೆಯಾ?"

ಯಾರಿಗೂ ಸಿಕ್ಕಿರಲಿಲ್ಲ. ಓಣಿಯವರು ತಲೆದೂಗಿದರು. ಕಂಪನಿಗೆ ಮತ್ತೇನು ಬೇಕು? ತುಕ್ಕು ಎಂದು ಓಣಿಯವರೇ ಹೇಳಿದ ಮೇಲೆ ಅಧಿಕಾರಿ ಕೈ ತೊಳೆದುಕೊಂಡು ಜೀಪು ಹತ್ತಿದ. ಆ ಮಾತನ್ನು ಕಂಪನಿಯವರು ಆಮೇಲೆ ಹೋದಹೋದಲ್ಲೆಲ್ಲ ಹೇಳಿಕೊಂಡರು. ನಮ್ಮದೇ ಕೆಲಸದವಳು, ಅದೇ ಬಾವಿಯ ನೀರು ಕುಡಿಯುವವಳು, ಅವಳೇ ತುಕ್ಕು ಅಂದಿದ್ದಾಳೆ. ನೀರು ಸರಿಹೋಗದೆ ಓಣಿಯವರು ಆಮೇಲೆ ಬರೆದ ಅರ್ಜಿಗಳೆಲ್ಲ ಆ ಒಂದು ಮಾತಿಗೆ ಬಡಿದು ವಾಪಸ್ ಬಂದವು. ಅವಳ ಪುಡಿ ಬಿರುಕಿನಲ್ಲಿ ನಿಂತಿರಲಿಲ್ಲ, ಮಾತು ಮಾತ್ರ ಎಂಥಾ ಗಟ್ಟಿಯಾಗಿ ಕೂತಿತು ನೋಡಿ.

ಬಾವಿಗಳಿಗೆ ಹಲಗೆ ಮುಚ್ಚಿ ಮೊಳೆ ಹೊಡೆದರು. ಚಾದರ ಕೊಡುವುದನ್ನು ಲಾಡ್ಜಿನವರು ನಿಲ್ಲಿಸಿದರು. ಓರಗಿತ್ತಿ ಈಗ ನಾಲ್ಕು ಮನೆಯ ಪಾತ್ರೆ ತಿಕ್ಕಲು ಹೋಗುತ್ತಾಳೆ, ಅವರವರ ನೀರಿನಲ್ಲಿ. ಶೆಡ್ಡಿನಲ್ಲಿ ಮ್ಯಾನೇಜರು ಜರಡಿಯಕ್ಕನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಕೊಡಿಸಿದ. ಉಳಿದವರು ನಿಂತು ಜರಡಿ ಹಿಡಿಯುತ್ತಾರೆ, ಇವಳು ಕೂತು ಹಿಡಿಯಬಹುದು. ಚಿಪ್ಪಿನ ಚಿಕ್ಕಮ್ಮ ಅವಳ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ತನ್ನ ಡಬ್ಬಿ ಎತ್ತಿಕೊಂಡು ಆಚೆ ಹೋಗುತ್ತಿದ್ದಳು, ಅಷ್ಟೇ. ಜರಡಿಯಕ್ಕ ಕುರ್ಚಿಯ ಮೇಲೆ ಒಬ್ಬಳೇ ಕೂತು ತಿನ್ನುತ್ತಿದ್ದಳು. ದೊಡ್ಡ ಜರಡಿಯನ್ನು ಗೋಡೆಯಿಂದ ತೆಗೆದು ಮತ್ತೆ ಬಳಸತೊಡಗಿದ್ದಳು. ಈಗ ಅವಳ ಚೀಲಗಳ ಬಗ್ಗೆ ದೂರಿಲ್ಲ.

ಒಂದು ಸಂಜೆ ಅವಳು ನಿರ್ಧಾರ ಮಾಡಿಕೊಂಡೇ ಮನೆಗೆ ಬಂದಳು. ಏನಾದರಾಗಲಿ, ಹೇಳಿಬಿಡುವುದು. ಉಗಿದರೆ ಉಗಿಯಲಿ. ದಾರಿಯುದ್ದಕ್ಕೂ ಮಾತನ್ನು ಬಾಯಲ್ಲೇ ಜೋಡಿಸಿಕೊಂಡಳು. ಹಿತ್ತಲ ಬಾಗಿಲು ತೆಗೆದರೆ ಮುಚ್ಚಿದ ಬಾವಿಯ ಹಲಗೆಯ ಮೇಲೆ ಬಕೆಟ್ಟು ಇತ್ತು. ತುಂಬ ನೀರು, ಮೇಲೆ ತಟ್ಟೆ. ಓರಗಿತ್ತಿ ಅದರ ಪಕ್ಕದಲ್ಲೇ ಸೊಂಟ ಹಿಡಿದುಕೊಂಡು ಕೂತಿದ್ದಳು. ದೊಡ್ಡ ರಸ್ತೆಯ ನಲ್ಲಿಯಿಂದ ಹೊತ್ತು ತಂದದ್ದು. ಅಲ್ಲಿಂದ ಇಲ್ಲಿಗೆ ಬರಿಗೈಯಲ್ಲಿ ನಡೆದರೂ ಏದುಸಿರು ಬರುತ್ತದೆ.

"ನೀನ್ಯಾಕೆ ತರೋಕೆ ಹೋದೆ?" ಎಂದಳು ಜರಡಿಯಕ್ಕ.

"ಧೂಳು ಕುಡಿದು ಬರ್ತೀರಲ್ಲ" ಎಂದಳು ಓರಗಿತ್ತಿ.

"ನಾನೊಂದು ಮಾತು ಹೇಳ್ಬೇಕು ಕಣೆ. ಆ ನೀರಿನ ವಿಷಯ."

"ಹೋಗ್ಲಿ ಬಿಡಿ ಅಕ್ಕ, ಆಗಿದ್ದಾಯ್ತು. ನನ್ನ ಗಂಡ ಆಡಿದ ಮಾತಿಗೆ ನಂಗೆ ಇವತ್ತಿಗೂ ನಾಚಿಕೆ. ನಿಮ್ಮ ಕೈಕೆಲಸದ ಮೇಲೆ ಕೊಳಕು ಹೊರಿಸಿ ಪರಿಹಾರ ಕೀಳೋಕೆ ನೋಡಿದ್ರು. ಓಣಿಗೆ ಓಣಿನೇ ಆ ಆಸೆಗೆ ಬಿದ್ದಿತ್ತು. ನಿಜ ಹೇಳಿದ್ದು ನೀವೊಬ್ರೇ."

ಜರಡಿಯಕ್ಕ ಹಲಗೆಯ ಅಂಚಿನಲ್ಲಿ ಕೂತಳು. ಓರಗಿತ್ತಿ ತಟ್ಟೆ ಸರಿಸಿ, ಲೋಟದಲ್ಲಿ ನೀರು ತುಂಬಿ, ಮುಂದೆ ಹಿಡಿದಳು. ಅಭ್ಯಾಸಬಲದಿಂದ ಜರಡಿಯಕ್ಕನ ಕೈ ಸೋಸುವ ಬಟ್ಟೆಗೆ ಹೋಯಿತು.

"ಸೋಸೋದೇನೂ ಬೇಡ, ಚೆನ್ನಾಗಿದೆ" ಎಂದಳು ಓರಗಿತ್ತಿ. "ಕುಡೀರಿ."

ಅವಳು ಕುಡಿದಳು.